ಒಂದು ಸ್ಪೇಡ್ ಗುಲಾಮ, ಮೂರು ಲೆಕ್ಕ: ಕಲಬುರಗಿಯ ಬ್ರಿಡ್ಜ್ ಟೇಬಲ್‌ನ ಒಂದು ಪ್ರಕರಣ

ಈ ಪ್ರಕರಣದಲ್ಲಿ ಯಾರೂ ಮೋಸ ಮಾಡಲಿಲ್ಲ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ನಾಲ್ವರೂ ಒಳ್ಳೆಯವರು, ವರ್ಷಗಟ್ಟಲೆ ಒಟ್ಟಿಗೆ ಆಡಿದವರು. ಆದರೂ ಒಂದೇ ಬೋರ್ಡಿಗೆ (ಒಂದು ಹಂಚಿಕೆಯ ಆಟಕ್ಕೆ) ಗೆದ್ದ ಟ್ರಿಕ್ 9, 10, 11 ಎಂದು ಮೂರು ಲೆಕ್ಕ ಬಂದವು. ಟ್ರಿಕ್ ಅಂದರೆ ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು. ಮೂರಕ್ಕೂ ಒಂದೊಂದು ಕಾರಣ ಇತ್ತು. ಡೈರೆಕ್ಟರ್, ಅಂದರೆ ತೀರ್ಪು ಕೊಡುವವನು, ಆಗಿದ್ದ ನಾನು ಮೊದಲು ಹೇಳಿದ ತೀರ್ಪೇ ತಪ್ಪಾಗಿತ್ತು. ಚಿಕ್ಕ ಊರಲ್ಲಿ ಬ್ರಿಡ್ಜ್ ನಡೆಸುವ ಬೇರೆಯವರಿಗೆ ಉಪಯೋಗ ಆಗಲಿ ಎಂದು ಪೂರ್ತಿ ಬರೆದಿಡುತ್ತಿದ್ದೇನೆ.

ಹಿನ್ನೆಲೆ

ನಮ್ಮದು ಸಣ್ಣ ಬಳಗ. ಕಲಬುರಗಿಯ ಒಂದು ಹಳೇ ಬಡಾವಣೆಯಲ್ಲಿ ಒಬ್ಬರ ಮನೆಯ ಮಹಡಿ ಮೇಲೆ ಭಾನುವಾರ ಬೆಳಿಗ್ಗೆ ಸೇರುತ್ತೇವೆ. ಐದು ಟೇಬಲ್, ಇಪ್ಪತ್ತು ಜನ. ದುಡ್ಡು ಇಟ್ಟು ಆಡುವುದಿಲ್ಲ. ಇದನ್ನು ಬಿಡಿಸಿ ಹೇಳಲೇಬೇಕಾಗುತ್ತದೆ. ನಮ್ಮ ಕಡೆ ಇಸ್ಪೀಟ್ ಅಂದರೆ ಜನರಿಗೆ ತಟ್ಟನೆ ನೆನಪಾಗುವುದು ಅಂದರ್ ಬಾಹರ್, ಅಲ್ವಾ? 2018ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಜೋಡಿ ಬ್ರಿಡ್ಜ್‌ನಲ್ಲಿ ಚಿನ್ನ ಗೆದ್ದಿತು. ಆಗಿನಿಂದ ಮನೆಯವರಿಗೆ ಹೇಳಿ ಬರುವುದು ಸ್ವಲ್ಪ ಸಲೀಸಾಯಿತು. ಆದರೂ ಮೇಲಿನ ಮಹಡಿಯಿಂದ ಜೋರು ದನಿ ಕೇಳಿದರೆ ಕೆಳಗಿನವರಿಗೆ ಬೇರೆಯೇ ಅನುಮಾನ ಬರುತ್ತದೆ. ಜಗಳ ಆಗಬಾರದು ಎಂಬುದು ನಮ್ಮಲ್ಲಿ ಆಟಕ್ಕಿಂತ ದೊಡ್ಡ ನಿಯಮವಾಗಿತ್ತು. ಈ ಪ್ರಕರಣದ ಬೇರು ಇರುವುದೂ ಅಲ್ಲೇ.

ನಾವು ಆಡುವುದು ಡುಪ್ಲಿಕೇಟ್ ಬ್ರಿಡ್ಜ್. ಒಂದೇ ಹಂಚಿಕೆಯ ಎಲೆಗಳು ಬೋರ್ಡಿನಲ್ಲಿ ಕೂತು ಎಲ್ಲಾ ಟೇಬಲ್‌ಗೂ ಹೋಗುತ್ತವೆ. ಅದೇ ಎಲೆಗಳಲ್ಲಿ ಯಾರು ಎಷ್ಟು ಮಾಡಿದರು ಎಂದು ಹೋಲಿಸಿ ಅಂಕ ಕೊಡುತ್ತಾರೆ. ಹಾಗಾಗಿ ಒಂದು ಟೇಬಲ್‌ನಲ್ಲಿ ನಾಲ್ವರು ಒಪ್ಪಿಕೊಂಡು ತಪ್ಪು ಸ್ಕೋರ್ ಬರೆದರೆ ಅದು ಆ ನಾಲ್ವರ ವಿಷಯ ಆಗಿ ಉಳಿಯುವುದಿಲ್ಲ. ಉಳಿದ ಎಂಟು ಜೋಡಿಗಳ ಅಂಕವೂ ಅಲುಗಾಡುತ್ತದೆ.

ನನ್ನ ಹತ್ತಿರ ದೊಡ್ಡ ಸರ್ಟಿಫಿಕೇಟ್ ಏನೂ ಇಲ್ಲ. ಯಾರಾದರೂ ನೋಡಿಕೊಳ್ಳಬೇಕಲ್ಲ ಎಂದು ಡೈರೆಕ್ಟರ್ ಕೆಲಸ ಒಪ್ಪಿಕೊಂಡವನು. ವಿಶ್ವ ಬ್ರಿಡ್ಜ್ ಫೆಡರೇಶನ್‌ನ 2017ರ ಡುಪ್ಲಿಕೇಟ್ ನಿಯಮಗಳ ಪುಸ್ತಕ ನನ್ನ ಚೀಲದಲ್ಲಿ ಇರುತ್ತದೆ. ಒಟ್ಟು 93 ನಿಯಮ.

ಆಟಗಾರರನ್ನು ಅವರು ಕೂತ ದಿಕ್ಕಿನಿಂದಲೇ ಕರೆಯುತ್ತೇನೆ. ವೃತ್ತಿ, ವಯಸ್ಸು ಬದಲಿಸಿದ್ದೇನೆ. ದಕ್ಷಿಣ ವ್ಯಾಪಾರಸ್ಥರು, ನಾವೆಲ್ಲ ಸಾವ್ಕಾರ್ರು ಅನ್ನುತ್ತೇವೆ. ಬಿರುಸಿನ ಆಟ, ಬೇಗ ಕ್ಲೈಮ್ ಮಾಡುವ (ಉಳಿದ ಎಲೆ ಆಡದೇ, ಇಷ್ಟು ಟ್ರಿಕ್ ನನ್ನವು ಎಂದು ಹೇಳಿಬಿಡುವ) ಅಭ್ಯಾಸ. ಉತ್ತರ ಅವರ ಪಾರ್ಟ್‌ನರ್, ಕಚೇರಿಯಲ್ಲಿ ಲೆಕ್ಕಪತ್ರ ನೋಡುವ ಮೇಡಂ. ಪೂರ್ವ ನಿವೃತ್ತ ಮಾಸ್ತರ್ರು. ಪಶ್ಚಿಮ ಅವರ ಎದುರಿಗೆ ಕೂತ ಹುಡುಗ, ಆಟಕ್ಕೆ ಹೊಸಬ ಆದರೂ ಓದಿಕೊಂಡವನು.

ಆ ಬೋರ್ಡ್

ಮೇ ತಿಂಗಳು. ಹನ್ನೊಂದು ಗಂಟೆಗೇ ಕೂಲರ್‌ನ ಗಾಳಿ ಬಿಸಿಯಾಗಿತ್ತು. ದಕ್ಷಿಣ 4 ಸ್ಪೇಡ್ ಆಡುತ್ತಿದ್ದರು. ಅಂದರೆ ಸ್ಪೇಡ್ ಟ್ರಂಪ್ (ತುರುಪು, ಬೇರೆ ಸೂಟನ್ನು ಹೊಡೆಯುವ ಸೂಟ್), ಅವರು 13ರಲ್ಲಿ 10 ಟ್ರಿಕ್ ಮಾಡಬೇಕು. ಎರಡೂ ಕಡೆ ವಲ್ನರಬಲ್ (ಅಂಕ, ದಂಡ ಎರಡೂ ಹೆಚ್ಚಿರುವ ಸ್ಥಿತಿ) ಅಲ್ಲ. ಎಲೆಗಳು ಹೀಗಿದ್ದವು.

ಉತ್ತರ (ಡಮ್ಮಿ, ಅಂದರೆ ಎಲೆ ಬಿಚ್ಚಿಟ್ಟು ಸುಮ್ಮನೆ ಕೂರುವ ಪಾರ್ಟ್‌ನರ್): ♠ 8 7 2, ♥ 8 6 3, ♦ ರಾಜ ರಾಣಿ ಗುಲಾಮ 2, ♣ ಎಕ್ಕ 7 4
ದಕ್ಷಿಣ: ♠ ಎಕ್ಕ ರಾಜ ರಾಣಿ 6 4, ♥ 7 5, ♦ ಎಕ್ಕ 9 4, ♣ 8 6 3
ಪಶ್ಚಿಮ: ♠ 10 9, ♥ ರಾಜ ರಾಣಿ 10 4, ♦ 10 7 5, ♣ ರಾಣಿ ಗುಲಾಮ 10 2
ಪೂರ್ವ: ♠ ಗುಲಾಮ 5 3, ♥ ಎಕ್ಕ ಗುಲಾಮ 9 2, ♦ 8 6 3, ♣ ರಾಜ 9 5

ಸುಮ್ನೆ ಎಣಿಸಿ ನೋಡಿ. ಐದು ಸ್ಪೇಡ್, ನಾಲ್ಕು ಡೈಮಂಡ್, ಕ್ಲಬ್ ಎಕ್ಕ. ಸರಿಯಾಗಿ 10. ಎರಡು ಹಾರ್ಟ್, ಒಂದು ಕ್ಲಬ್ ಹೋಗುತ್ತದೆ. ಸೀದಾ ಸಾದಾ ಬೋರ್ಡ್.

ಪಶ್ಚಿಮ ಹಾರ್ಟ್ ರಾಜ, ರಾಣಿ ಎರಡೂ ಗೆದ್ದು, ಕ್ಲಬ್ ರಾಣಿ ಇಳಿಸಿದ. ಡಮ್ಮಿಯ ಎಕ್ಕ ಗೆದ್ದಿತು. ದಕ್ಷಿಣ ಟ್ರಂಪ್ ತೆಗೆಯಲು ಶುರು ಮಾಡಿದರು. ಎಕ್ಕಕ್ಕೆ ಇಬ್ಬರೂ ಸ್ಪೇಡ್ ಹಾಕಿದರು. ರಾಜನಿಗೂ ಹಾಕಿದರು. ಆರನೇ ಟ್ರಿಕ್‌ಗೆ ಸ್ಪೇಡ್ ರಾಣಿ. ಪಶ್ಚಿಮನ ಸ್ಪೇಡ್ ಮುಗಿದಿದ್ದವು, ಹಾರ್ಟ್ 4 ಒಗೆದ. ಮಾಸ್ತರ್ರ ಕೈಯಲ್ಲಿ ಸ್ಪೇಡ್ ಗುಲಾಮ ಇತ್ತು. ಆದರೆ ಅದು ಕ್ಲಬ್ ಎಲೆಗಳ ಸಂದಿಯಲ್ಲಿ ಸೇರಿಕೊಂಡಿತ್ತು. ಎರಡೂ ಕಪ್ಪು. ಅವರು ಸ್ಪೇಡ್ ಮುಗಿಯಿತು ಅಂದುಕೊಂಡು ಕ್ಲಬ್ 9 ಹಾಕಿದರು. ಇದು ರಿವೋಕ್. ಸೂಟ್ ಇದ್ದೂ ಬೇರೆ ಸೂಟ್ ಹಾಕಿದ್ದು.

ದಕ್ಷಿಣ ಟ್ರಂಪ್‌ಗಳನ್ನು ಎಣಿಸಲಿಲ್ಲ, ಸುತ್ತು ಎಣಿಸಿದರು. ಮೂರು ಸುತ್ತು ತೆಗೆದಾಯಿತು, ಇಬ್ಬರೂ ಬೇರೆ ಎಲೆ ಹಾಕಿದರು, ಅಲ್ಲಿಗೆ ಮುಗಿಯಿತು. ಏಳನೇ ಟ್ರಿಕ್‌ಗೆ ಡೈಮಂಡ್ ಎಕ್ಕ ಆಡಿದರು, ಎಲ್ಲರೂ ಡೈಮಂಡ್ ಹಾಕಿದರು. ಆಮೇಲೆ ಕೈಯಲ್ಲಿದ್ದ ಆರು ಎಲೆ ಟೇಬಲ್ ಮೇಲೆ ಬಿಚ್ಚಿಟ್ಟರು.

"ಮೂರು ಡೈಮಂಡ್ ಆಡ್ತೀನಿ, ಅದರಾಗ ಒಂದು ಕ್ಲಬ್ ಒಗೀತೀನಿ, ಎರಡು ಟ್ರಂಪ್ ನಂದು. ಒಂದು ಕ್ಲಬ್ ನಿಮಗ. ಹತ್ತು ಆದ್ವು."

ಮಾಸ್ತರ್ರು ತಮ್ಮ ಎಲೆ ನೋಡಿಕೊಂಡರು. "ಸಾವ್ಕಾರ್ರೆ, ನನ್ನ ಹತ್ರ ಒಂದು ಟ್ರಂಪ್ ಅದ ನೋಡ್ರಿ" ಅಂದರು.

ನನ್ನನ್ನು ಕರೆಯುವ ಮುಂಚೆ

ಇಲ್ಲಿಂದ ಸುಮಾರು ಐದು ನಿಮಿಷ ಆ ಟೇಬಲ್ ತಾನೇ ನ್ಯಾಯ ಮಾಡಲು ನೋಡಿತು. ಅದನ್ನು ಆಮೇಲೆ ನಾಲ್ವರಿಂದಲೂ ಕೇಳಿ ಜೋಡಿಸಿಕೊಂಡಿದ್ದೇನೆ.

ದಕ್ಷಿಣ ನಂಬಲಿಲ್ಲ. "ಅದ್ ಹ್ಯಾಂಗ್ ಅದರೀ? ಮೂರು ಸಲ ತೆಗದೀನಿ." ಹುಡುಗ ಪಟ್ಟು ಹಿಡಿದ. "ಕ್ಲೈಮ್ ಮಾಡೀರಿ, ಹೊರಗಿನ ಟ್ರಂಪ್ ಬಗ್ಗೆ ಏನೂ ಹೇಳಿಲ್ರಿ. ಒಂದು ಟ್ರಿಕ್ ನಮ್ದು." ಪಕ್ಕದಲ್ಲಿ ಸುಮ್ಮನೆ ನೋಡುತ್ತಾ ನಿಂತಿದ್ದವರೊಬ್ಬರು, "ಮೂರನೇ ಸಲ ಮಾಸ್ತರ್ರು ಕ್ಲಬ್ ಹಾಕಿದ್ರಲ್ಲ" ಅಂದುಬಿಟ್ಟರು. ನೋಡುಗರು ಬಾಯಿ ಬಿಡಬಾರದು ಎಂದು ನಿಯಮ ಇದೆ. ಅವರ ಮಾತು ನಿಜವೇ ಆಗಿತ್ತು. ಆದರೆ ಆ ಮಾತಿನಿಂದ ಮಾಸ್ತರ್ರ ಮುಖ ಸಣ್ಣಗಾಯಿತು, ದಕ್ಷಿಣರ ದನಿ ಏರಿತು.

ಆಗ ಮಾಸ್ತರ್ರು ಹೇಳಿದ ಮಾತು ಮುಖ್ಯ. "ಹೋಗ್ಲಿ ಬಿಡ್ರಿ. ನಂದೇ ತಪ್ಪಾಗ್ಯಾದ. ಹತ್ತು ಬರ್ಕೋರಿ. ಒಂದು ಎಲಿ ಸಲುವಾಗಿ ಯಾಕ ಜಗಳ?"

ಕೊನೆಗೆ ಬಂದ ತೀರ್ಪೂ 10. ಹಾಗಾದರೆ ಅಲ್ಲೇ ಮುಗಿಸಿದ್ದರೆ ಏನಾಗುತ್ತಿತ್ತು ಎಂದು ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ಮುಗಿಯುತ್ತಿರಲಿಲ್ಲ. ಹುಡುಗನಿಗೆ ತನ್ನ ಟ್ರಿಕ್ ಮಾಸ್ತರ್ರು ದಾನ ಕೊಟ್ಟುಬಿಟ್ಟರು ಅನಿಸುತ್ತಿತ್ತು. ದಕ್ಷಿಣರಿಗೆ ತಮಗೆ 11 ಬರಬೇಕಿತ್ತು ಎಂಬ ಕೊರಗು ಉಳಿಯುತ್ತಿತ್ತು. ಮಾಸ್ತರ್ರಿಗೆ ತಾವು ಉಪಕಾರ ಮಾಡಿದೆವೋ ಅಪಕಾರ ಮಾಡಿದೆವೋ ಗೊತ್ತಾಗುತ್ತಿರಲಿಲ್ಲ. ಮೂವರೂ ಒಂದೇ ಸಂಖ್ಯೆ ಬರೆದು, ಮೂರು ಬೇರೆ ಬೇರೆ ನೋವು ಹೊತ್ತು ಎದ್ದು ಹೋಗುತ್ತಿದ್ದರು. ಅದೂ ಅಲ್ಲದೆ, ತಪ್ಪಿಗೆ ಏನು ಪರಿಹಾರ ಎಂದು ಗೊತ್ತುಮಾಡುವ ಅಧಿಕಾರ ಆಟಗಾರರಿಗೆ ಇಲ್ಲ. 10ನೇ ನಿಯಮ ಅದನ್ನು ಡೈರೆಕ್ಟರ್‌ಗೆ ಮಾತ್ರ ಕೊಟ್ಟಿದೆ. ತಪ್ಪು ಎಂದು ಯಾರಾದರೂ ಬಾಯಿಬಿಟ್ಟ ಕೂಡಲೇ ಡೈರೆಕ್ಟರ್‌ನನ್ನು ಕರೆಯಬೇಕು ಎನ್ನುವುದು 9ನೇ ನಿಯಮ.

ಕರೆಯಲಿಲ್ಲ ಯಾಕೆ? ನಮ್ಮಲ್ಲಿ ಡೈರೆಕ್ಟರ್ ಕರೆಯುವುದು ಅಂದರೆ ಒಬ್ಬರ ಮೇಲೆ ದೂರು ಕೊಟ್ಟ ಹಾಗೆ. ಮಾಸ್ತರ್ರ ಮೇಲೆ ದೂರು ಕೊಡುವುದೇ? ನಾಳೆ ಸೂಪರ್ ಮಾರ್ಕೆಟ್‌ನಲ್ಲಿ ಎದುರು ಸಿಕ್ಕರೆ ಏನು ಮುಖ ತೋರಿಸುವುದು? ನಾಲ್ವರ ಮನಸ್ಸಿನಲ್ಲೂ ಇದೇ ಇತ್ತು. ಕಡೆಗೆ ಕೈ ಎತ್ತಿದ್ದು ಉತ್ತರದ ಮೇಡಂ.

ನನ್ನ ಮೊದಲ ತಪ್ಪು

ನಾನು ಹೋದಾಗ ಇಬ್ಬರು ಒಟ್ಟಿಗೆ ಮಾತಾಡುತ್ತಿದ್ದರು. ನನ್ನ ಕಿವಿಗೆ ಮೊದಲು ಬಿದ್ದದ್ದು ಹುಡುಗನ ಮಾತು. ಕ್ಲೈಮ್ ಮಾಡಿದರು, ಟ್ರಂಪ್ ಹೊರಗಿತ್ತು, ಹೇಳಲಿಲ್ಲ. ಇದು ನನಗೆ ಗೊತ್ತಿರುವ ನಿಯಮ. 70ನೇ ನಿಯಮದಲ್ಲಿ ಇದಕ್ಕೆ ಮೂರು ಪ್ರಶ್ನೆ ಇವೆ. ಕ್ಲೈಮ್ ಮಾಡಿದವರು ಆ ಟ್ರಂಪ್ ಬಗ್ಗೆ ಏನಾದರೂ ಹೇಳಿದರೇ? ಅದು ಹೊರಗಿದೆ ಎಂಬುದು ಅವರಿಗೆ ಗೊತ್ತಿಲ್ಲದೇ ಇರುವ ಸಾಧ್ಯತೆ ಇದೆಯೇ? ಸಾಮಾನ್ಯ ಆಟದಲ್ಲಿ ಆ ಟ್ರಂಪ್‌ಗೆ ಒಂದು ಟ್ರಿಕ್ ಹೋಗಬಹುದೇ? ಹೇಳಿಲ್ಲ, ಗೊತ್ತಿರಲಿಲ್ಲ, ಹೋಗಬಹುದು. ಮೂರೂ ಸೇರಿದರೆ ಟ್ರಿಕ್ ಎದುರಾಳಿಗೆ. "ಒಂಬತ್ತು. ಒಂದು ಡೌನ್" ಅಂದೆ, ಅಂದರೆ ಬೇಕಾದ ಹತ್ತಕ್ಕೆ ಒಂದು ಕಡಿಮೆ.

ಹಾಗಂದು ಸ್ಕೋರ್ ಚೀಟಿ ಕೈಗೆ ತಗೊಂಡೆ ಕೂಡ.

ಆಗ ಮೇಡಂ ಮೆಲ್ಲಗೆ ಹೇಳಿದರು. "ಸರ್, ಆ ಟ್ರಂಪ್ ಹೊರಗ ಯಾಕ ಉಳೀತು ಅಂತ ಕೇಳಲೇ ಇಲ್ಲಲ್ರಿ."

ಇಡೀ ಪ್ರಕರಣ ತಿರುಗಿದ್ದು ಈ ಮಾತಿನಿಂದ. ನಾನು ಗುಲಾಮ ಎಲ್ಲಿದೆ ಎಂದು ನೋಡಿದೆ. ಅದು ಅಲ್ಲಿಗೆ ಹೇಗೆ ಬಂತು ಎಂದು ಕೇಳಲಿಲ್ಲ. ಒಂದು ಗೊಂದಲದ ಹಿಂದೆ ಇನ್ನೊಂದು ತಪ್ಪು ಅಡಗಿರಬಹುದು. ಎಲ್ಲಕ್ಕಿಂತ ಜೋರಾಗಿ ಹೇಳಿದ್ದನ್ನೇ ಪೂರ್ತಿ ವಿಷಯ ಅಂದುಕೊಂಡರೆ ಅದು ಕಾಣುವುದಿಲ್ಲ. ಚೀಟಿ ಕೆಳಗಿಟ್ಟೆ. ತೀರ್ಪು ವಾಪಸ್ ತಗೊಂಡಿದ್ದೇನೆ ಎಂದು ಹೇಳಿದೆ. ಯಾರೂ ಎಲೆ ಮುಟ್ಟಬೇಡಿ ಅಂದೆ. ಒಬ್ಬೊಬ್ಬರನ್ನೇ ಕೇಳಲು ಶುರು ಮಾಡಿದೆ.

ಎಲೆ ಮುಟ್ಟಬೇಡಿ ಎನ್ನುವುದು ಸ್ವಲ್ಪ ತಡವಾಗಿತ್ತು. ಡುಪ್ಲಿಕೇಟ್‌ನಲ್ಲಿ ಆಡಿದ ಎಲೆಗಳನ್ನು ಮಧ್ಯಕ್ಕೆ ಎಸೆಯುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಮುಂದೆ ಸಾಲಾಗಿ ಮಗುಚಿ ಇಟ್ಟುಕೊಳ್ಳುತ್ತಾರೆ. ಯಾವ ಟ್ರಿಕ್‌ನಲ್ಲಿ ಯಾವ ಎಲೆ ಬಿತ್ತು ಎಂದು ಆಮೇಲೂ ನೋಡಬಹುದು. ದಕ್ಷಿಣ ಕ್ಲೈಮ್ ಮಾಡಿದ ರಭಸದಲ್ಲಿ ತಮ್ಮ ಆಡಿದ ಎಲೆಗಳನ್ನು ಗುಡ್ಡೆ ಮಾಡಿಬಿಟ್ಟಿದ್ದರು. ಟ್ರಿಕ್ ಎಷ್ಟು ಎಂದು ಒಪ್ಪಿಗೆ ಆಗುವ ಮುಂಚೆ ಹೀಗೆ ಕಲಸಿದವರು, ರಿವೋಕ್ ಆಯಿತು ಎಂದು ವಾದಿಸುವ ತಮ್ಮ ಹಕ್ಕನ್ನೇ ಅಪಾಯಕ್ಕೆ ಒಡ್ಡುತ್ತಾರೆ. 65ನೇ ನಿಯಮದಲ್ಲಿ ಇದು ಬಿಡಿಸಿ ಬರೆದಿದೆ.

ಮಾಸ್ತರ್ರ ಸಾಲು ಮಾತ್ರ ಹಾಗೇ ಇತ್ತು. ನಾನು ಕೈ ಹಾಕುವ ಮೊದಲೇ ಅವರು ಎಡದಿಂದ ಎಣಿಸಿ ಆರನೇ ಎಲೆ ತಿರುಗಿಸಿದರು. ಕ್ಲಬ್ 9. "ಇದೇ ನೋಡ್ರಿ" ಅಂದರು.

ತಮ್ಮ ತಪ್ಪನ್ನು ತಾವೇ ಎತ್ತಿ ತೋರಿಸಬೇಕು ಎಂದು ನಿಯಮ ಹೇಳುವುದಿಲ್ಲ. ಮುಚ್ಚಿಡಬಾರದು ಎಂದಷ್ಟೇ ಹೇಳುತ್ತದೆ. ಎಲೆ ಬಚ್ಚಿಡುವುದು, ಬೇಕೆಂದು ಕಲಸುವುದು ತಪ್ಪು. ಮಾಸ್ತರ್ರು ಸುಮ್ಮನೆ ಕೂತಿದ್ದರೂ ನಿಯಮ ಮುರಿದಂತೆ ಆಗುತ್ತಿರಲಿಲ್ಲ. ಆದರೂ ತಾವಾಗಿ ತಿರುಗಿಸಿದರು. ಆ ಟೇಬಲ್‌ನ ಬಿಸಿ ಅರ್ಧಕ್ಕರ್ಧ ಇಳಿದದ್ದು ಆ ಒಂದು ಎಲೆಯಿಂದ.

ಲೆಕ್ಕ ಮಾಡಿದ ಬಗೆ

ಪುಸ್ತಕ ಬಿಚ್ಚಿ ಮೂರು ಹೆಜ್ಜೆಯಲ್ಲಿ ಹೋದೆ. ಎಲ್ಲರಿಗೂ ಕೇಳುವ ಹಾಗೆ ಜೋರಾಗಿ ಓದುತ್ತಾ ಹೋದೆ.

ಮೊದಲು ಕ್ಲೈಮ್. ಅವರು ಹೇಳಿದ ಹಾಗೇ ಆಡಿಸಿದರೆ ಏನಾಗುತ್ತದೆ? ಡೈಮಂಡ್ ರಾಜ, ರಾಣಿ ಗೆಲ್ಲುತ್ತವೆ. ಮಾಸ್ತರ್ರ ಡೈಮಂಡ್ ಮುಗಿಯುತ್ತದೆ. ಡೈಮಂಡ್ ಗುಲಾಮ ಆಡಿದಾಗ ಅವರು ಸ್ಪೇಡ್ ಗುಲಾಮ ಹೊಡೆಯುತ್ತಾರೆ. ಆಮೇಲೆ ಕ್ಲಬ್ ರಾಜ. ಉಳಿದ ಎರಡು ಟ್ರಂಪ್ ದಕ್ಷಿಣರಿಗೆ. ಆರರಲ್ಲಿ ನಾಲ್ಕು. ಮೊದಲಿನ ಐದು ಸೇರಿಸಿದರೆ 9. ಟ್ರಂಪ್ ಮೊದಲು ಆಡಿಸಿಯೂ ನೋಡಿದೆ, 9ಕ್ಕೇ ನಿಂತಿತು. ಅಂದರೆ ಹುಡುಗನ ವಾದ ಸುಳ್ಳಾಗಿರಲಿಲ್ಲ. ಅರ್ಧ ದಾರಿ ಮಾತ್ರ ಬಂದಿತ್ತು.

ಆಮೇಲೆ ರಿವೋಕ್. ಏಳನೇ ಟ್ರಿಕ್‌ಗೆ ಮಾಸ್ತರ್ರ ಪಾರ್ಟ್‌ನರ್ ಆದ ಹುಡುಗ ಡೈಮಂಡ್ ಹಾಕಿದ ಕೂಡಲೇ ಅದು ಪಕ್ಕಾ ಆಯಿತು, ಇನ್ನು ತಿದ್ದಲು ಬರುವುದಿಲ್ಲ. 64ನೇ ನಿಯಮದ ಪ್ರಕಾರ, ರಿವೋಕ್ ಆದ ಟ್ರಿಕ್ಕನ್ನು ತಪ್ಪು ಮಾಡಿದ ಆಟಗಾರನೇ ಗೆದ್ದಿದ್ದರೆ ಆ ಟ್ರಿಕ್ ಹೋಗುತ್ತದೆ. ಆಮೇಲೆ ಅವರ ಕಡೆ ಇನ್ನೊಂದು ಗೆದ್ದಿದ್ದರೆ ಅದೂ ಹೋಗುತ್ತದೆ. ಇಲ್ಲಿ ಆ ಟ್ರಿಕ್ ಗೆದ್ದದ್ದು ದಕ್ಷಿಣರ ಸ್ಪೇಡ್ ರಾಣಿ. ಹಾಗಿದ್ದಾಗ, ಆಮೇಲೆ ಪೂರ್ವ ಪಶ್ಚಿಮ ಒಂದಾದರೂ ಟ್ರಿಕ್ ಗೆದ್ದರೆ ಒಂದು ಮಾತ್ರ ವರ್ಗ ಆಗುತ್ತದೆ. ಅವರು ಎರಡು ಗೆಲ್ಲುತ್ತಾರೆ. ಒಂದು ಈ ಕಡೆಗೆ. 9 ಇದ್ದದ್ದು 10 ಆಯಿತು.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ರಿವೋಕ್ ಆಗದೇ ಇದ್ದಿದ್ದರೆ ಎಷ್ಟಾಗುತ್ತಿತ್ತು? ತಪ್ಪು ಮಾಡದ ಕಡೆಗೆ ಅದಕ್ಕಿಂತ ಕಡಿಮೆ ಸಿಕ್ಕಿದ್ದರೆ ಡೈರೆಕ್ಟರ್ ಸ್ಕೋರ್ ಸರಿಪಡಿಸಬೇಕು. ಇಲ್ಲಿ ಗುಲಾಮ ಮೂರನೇ ಸುತ್ತಿನಲ್ಲಿ ರಾಣಿಯ ಕೆಳಗೆ ಬೀಳುತ್ತಿತ್ತು. ದಕ್ಷಿಣ 10 ಮಾಡುತ್ತಿದ್ದರು. ನಮ್ಮ ಲೆಕ್ಕವೂ 10. ತಾಳೆ ಆಯಿತು. 4 ಸ್ಪೇಡ್, 10 ಟ್ರಿಕ್, 420.

ಹುಡುಗ ಒಂದು ಒಳ್ಳೆಯ ಪ್ರಶ್ನೆ ಕೇಳಿದ. "ಇಬ್ಬರೂ ಬೇರೆ ಎಲೆ ಹಾಕಿದಾಗ ಒಂದು ಟ್ರಂಪ್ ಲೆಕ್ಕಕ್ಕೆ ಸಿಗಲಿಲ್ಲ ಅಂತ ಸಾವ್ಕಾರ್ರಿಗೆ ಗೊತ್ತಾಗಬೇಕಿತ್ತಲ್ರಿ?" ಎಣಿಸಿದ್ದರೆ ಗೊತ್ತಾಗುತ್ತಿತ್ತು, ಹೌದು. ಅದಕ್ಕೇ ಮೊದಲ ಹೆಜ್ಜೆಯಲ್ಲಿ ಅನುಮಾನ ಎಲ್ಲಾ ಅವರ ವಿರುದ್ಧ ಹೋಯಿತು. ಆದರೆ ಎದುರಾಳಿ ಸೂಟ್‌ಗೆ ಸೂಟ್ ಹಾಕುತ್ತಾರೆ ಎಂದು ನಂಬುವುದು ಅವರ ಹಕ್ಕು. ಆ ನಂಬಿಕೆ ಮುರಿದದ್ದಕ್ಕೆ ಅವರಿಗೆ ನಷ್ಟ ಆಗಬಾರದು. ಹುಡುಗ ಸ್ವಲ್ಪ ಹೊತ್ತು ಯೋಚಿಸಿ ತಲೆ ಆಡಿಸಿದ.

ಹನ್ನೊಂದು ಎಲ್ಲಿಂದ ಬಂತು

ದಕ್ಷಿಣ ಒಪ್ಪಲಿಲ್ಲ. ಅವರದು 11. "ಆ ಗುಲಾಮನೇ ಟ್ರಿಕ್ ಹೊಡದಾದಲ್ಲ, ಎರಡು ಕೊಡಬೇಕು. ನಾ ಕಲಿತಿದ್ದು ಹಂಗ." ಮೊದಲು ನನಗೆ ಇದು ದುರಾಸೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ಈಗ ಬೇಸರ ಇದೆ.

ಅವರು ಹೇಳಿದ್ದು ಒಂದು ಕಾಲದ ನಿಜವಾದ ನಿಯಮ. 1997ರ ಆವೃತ್ತಿಯಲ್ಲಿ, ತಪ್ಪು ಮಾಡಿದ ಆಟಗಾರ ರಿವೋಕ್ ಟ್ರಿಕ್‌ಗೆ ಹಾಕಬಹುದಾಗಿದ್ದ ಎಲೆಯಿಂದಲೇ ಆಮೇಲೆ ಟ್ರಿಕ್ ಗೆದ್ದರೆ, ಅದನ್ನೂ ಹೆಚ್ಚುವರಿಯಾಗಿ ಕೊಡಬೇಕಿತ್ತು. ಸ್ಪೇಡ್ ಗುಲಾಮ ಅಂಥದೇ ಎಲೆ. ಆ ಲೆಕ್ಕದಲ್ಲಿ 9ಕ್ಕೆ 2 ಸೇರಿ ಸರಿಯಾಗಿ 11. 2007ರ ಆವೃತ್ತಿಯಲ್ಲಿ ಆ ಭಾಗ ತೆಗೆದರು. ಸಾವ್ಕಾರ್ರು ಆಟ ಕಲಿತದ್ದು ತೊಂಬತ್ತರ ದಶಕದಲ್ಲಿ. ಆಮೇಲೆ ಯಾರೂ ಅವರಿಗೆ ಹೊಸ ಪುಸ್ತಕ ಓದಿ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಅವರ ಪಕ್ಕ ಕೂತು ಈಗಿನ 64ನೇ ನಿಯಮ ಪೂರ್ತಿ ಓದಿದೆ. ನೀವು ಹೇಳಿದ್ದು ಹಳೇ ನಿಯಮದಲ್ಲಿ ಸರಿ, ಸರ್ ಅಂದೆ. ಈ ಒಂದು ಮಾತಿಗೆ ಅವರ ದನಿ ಇಳಿಯಿತು. ಮೇಲ್ಮನವಿ ಮಾಡಬಹುದು, ಸ್ಕೋರ್ ಹಾಕಿದ ಮೇಲೆ 30 ನಿಮಿಷ ಅವಕಾಶ ಇದೆ ಎಂದೂ ಹೇಳಿದೆ. ಬೇಡ ಅಂದರು.

ಅಂಕ ಲೆಕ್ಕ ಮಾಡುವಾಗ ಒಂದು ವಿಷಯ ಕಂಡಿತು. ಉಳಿದ ನಾಲ್ಕು ಟೇಬಲ್‌ನಲ್ಲೂ 4 ಸ್ಪೇಡ್, 420. 9 ಎಂದು ಬರೆದಿದ್ದರೆ ಉತ್ತರ ದಕ್ಷಿಣಕ್ಕೆ ಸೊನ್ನೆ. 11 ಬರೆದಿದ್ದರೆ ಅವರಿಗೆ ಪೂರ್ತಿ, ಮಾಸ್ತರ್ರ ಜೋಡಿಗೆ ಸೊನ್ನೆ. 10ರಿಂದ ಎಲ್ಲರಿಗೂ ಅರ್ಧ ಅರ್ಧ. ತಪ್ಪು ಆಗದೇ ಇದ್ದಿದ್ದರೆ ಏನಾಗುತ್ತಿತ್ತೋ ಅದೇ ಆಯಿತು. ಪುಸ್ತಕದ ಆರಂಭದಲ್ಲೇ ಇದೆ, ಈ ನಿಯಮಗಳು ಇರುವುದು ಮುಖ್ಯವಾಗಿ ಶಿಕ್ಷೆಗಲ್ಲ, ನಷ್ಟವಾದವರಿಗೆ ಸರಿಪಡಿಸಿ ಕೊಡಲು. ಹತ್ತಾರು ಸಲ ಓದಿದ್ದೆ. ಅದು ನನಗೆ ನಿಜವಾಗಿ ಅರ್ಥ ಆದದ್ದು ಆ ಅಂಕಪಟ್ಟಿ ನೋಡಿದಾಗ.

ಸುಮ್ಮನಿದ್ದ ಡಮ್ಮಿ

ಬೋರ್ಡ್ ಮುಗಿದರೂ ಒಂದು ಮಾತು ಉಳಿಯಿತು. ಚಾ ಕುಡಿಯುವಾಗ ದಕ್ಷಿಣ ತಮ್ಮ ಪಾರ್ಟ್‌ನರ್ ಮೇಲೆ ಸಿಟ್ಟಾದರು. "ನಿಮಗ ಮೊದಲೇ ಗೊತ್ತಿತ್ತಲ್ರಿ ಮೇಡಂ, ಆಗಲೇ ಯಾಕ ಹೇಳ್ಲಿಲ್ಲ? ಸುಮ್ ಕೂತ್ರಿ."

ಮೇಡಂ ಆರನೇ ಟ್ರಿಕ್‌ನಲ್ಲೇ ಎಣಿಸಿ ಹಿಡಿದಿದ್ದರು. ಆದರೆ ಅವರು ಡಮ್ಮಿ. ಡಮ್ಮಿ ತನ್ನ ಡಿಕ್ಲೇರರ್‌ಗೆ (ಎರಡೂ ಕೈ ಆಡುವ ಪಾರ್ಟ್‌ನರ್‌ಗೆ, ಇಲ್ಲಿ ದಕ್ಷಿಣರಿಗೆ) ಆ ಸೂಟ್ ಇಲ್ವಾ ಎಂದು ಕೇಳಬಹುದು. ಎದುರಾಳಿಯನ್ನು ಕೇಳುವ ಹಾಗಿಲ್ಲ. ಆಟ ನಡೆಯುವಾಗ ಬೇರೆಯವರ ತಪ್ಪಿನ ಕಡೆ ಬೊಟ್ಟು ಮಾಡುವ ಹಾಗೂ ಇಲ್ಲ. ಆಟ ಮುಗಿದ ಮೇಲೆ ಹೇಳಬಹುದು. ಕ್ಲೈಮ್ ಆದ ಕೂಡಲೇ ಆಟ ನಿಲ್ಲುತ್ತದೆ. ಆಗ ಅನುಮಾನ ಬಂದರೆ ಡಮ್ಮಿಯೂ ಹೇಳಬಹುದು, ಡೈರೆಕ್ಟರ್ ಬರಬೇಕು. ಅವರು ಹೇಳಬಾರದ ಹೊತ್ತಿನಲ್ಲಿ ಬಾಯಿ ಕಟ್ಟಿಕೊಂಡು ಕೂತರು, ಹೇಳಬಹುದಾದಾಗ ಹೇಳಿದರು. ತಮ್ಮ ಜೋಡಿಗೆ ನಷ್ಟ ಆಗುತ್ತಿದೆ ಎಂದು ಗೊತ್ತಿದ್ದೂ. ಆ ದಿನ ಆ ಕೋಣೆಯಲ್ಲಿ ನಿಯಮವನ್ನು ಪೂರ್ತಿ ಪಾಲಿಸಿದವರು ಅವರೊಬ್ಬರೇ. ಬೈಸಿಕೊಂಡದ್ದೂ ಅವರೇ.

ನಾನು ಎಲ್ಲರ ಮುಂದೆ ಅವರ ಪರ ಮಾತಾಡಿದೆ. ಆದರೆ ತಡವಾಗಿ. ಸಾವ್ಕಾರ್ರು ಅಷ್ಟರಲ್ಲಿ ಮೆಟ್ಟಿಲು ಇಳಿಯುತ್ತಿದ್ದರು.

ಆಮೇಲೆ ಬದಲಾದದ್ದು

ಮನೆಗೆ ಹೋಗಿ ಬೇರೆ ಊರಿನ ಒಬ್ಬ ಅನುಭವಿ ಡೈರೆಕ್ಟರ್‌ಗೆ ಫೋನ್ ಮಾಡಿ ಪೂರ್ತಿ ಹೇಳಿದೆ. 10 ಸರಿ ಅಂದರು. ಆದರೆ ಅವರು ಕೇಳಿದ ಪ್ರಶ್ನೆ ಬೇರೆ. "ಆರನೇ ಟ್ರಿಕ್‌ನಲ್ಲಿ ಯಾರೂ 'ಸ್ಪೇಡ್ ಇಲ್ವಾ' ಎಂದು ಕೇಳಲಿಲ್ಲ ಯಾಕೆ?"

ಕೇಳಬಹುದಿತ್ತು. ಡಿಕ್ಲೇರರ್ ಆಗಿ ದಕ್ಷಿಣ ಕೇಳಬಹುದಿತ್ತು. ಮಾಸ್ತರ್ರ ಪಾರ್ಟ್‌ನರ್ ಆಗಿ ಹುಡುಗನೂ ಕೇಳಬಹುದಿತ್ತು. ಕೇಳಿದ್ದರೆ ಮಾಸ್ತರ್ರು ಆಗಲೇ ಗುಲಾಮ ಹುಡುಕಿ ಹಾಕುತ್ತಿದ್ದರು. ಕ್ಲಬ್ 9 ಪೆನಾಲ್ಟಿ ಕಾರ್ಡ್ ಆಗಿ ಟೇಬಲ್ ಮೇಲೆ ಬಿಚ್ಚಿ ಇರುತ್ತಿತ್ತು, ಮೊದಲ ಅವಕಾಶದಲ್ಲೇ ಅದನ್ನು ಆಡಬೇಕಾಗುತ್ತಿತ್ತು. ಅಷ್ಟೇ. ಒಂದು ನಿಮಿಷದ ಕೆಲಸ. ಆದರೆ ನಮ್ಮ ಬಳಗದಲ್ಲಿ ಹಾಗೆ ಕೇಳುವುದು ಮರ್ಯಾದೆ ಅಲ್ಲ ಎಂಬ ಭಾವನೆ ಇತ್ತು. ಹಿರಿಯರನ್ನು, ಅದರಲ್ಲೂ ಮಾಸ್ತರ್ರನ್ನು, ನಿಮ್ಮ ಹತ್ತಿರ ಸ್ಪೇಡ್ ಇಲ್ವಾ ಎಂದು ಹುಡುಗ ಕೇಳುವುದು ಹೇಗೆ? ಆ ಮರ್ಯಾದೆಯೇ ಮಾಸ್ತರ್ರನ್ನು ಆಮೇಲೆ ಇಪ್ಪತ್ತು ಜನರ ಮುಂದೆ ತಲೆ ತಗ್ಗಿಸುವ ಹಾಗೆ ಮಾಡಿತು.

ನಾನು ಮೊದಲು ಮಾಡಿದ್ದು ಮುಖ್ಯ ನಿಯಮಗಳನ್ನು ಕನ್ನಡದಲ್ಲಿ ಬರೆದು ಜೆರಾಕ್ಸ್ ಮಾಡಿಸಿ ಹಂಚಿದ್ದು. ಅದರಿಂದ ಏನೂ ಪ್ರಯೋಜನ ಆಗಲಿಲ್ಲ. ಅದರ ಮೇಲೆ ಚಾ ಲೋಟ ಇಟ್ಟರು. ಕೆಲಸ ಮಾಡಿದ್ದು ಬೇರೆ. ಪ್ರತಿ ಭಾನುವಾರ ಆಟಕ್ಕೆ ಮುಂಚೆ ಒಂದು ನಿಮಿಷ ನಾನೇ ಎದ್ದು ನಿಂತು, ಈ ವಾರ ನಿಮ್ಮಲ್ಲಿ ಯಾರಾದರೂ ನನ್ನನ್ನು ಕರೆಯಲೇಬೇಕು ಎಂದು ಕೇಳಿಕೊಳ್ಳುತ್ತೇನೆ. ತಪ್ಪು ಮಾಡಿದವರೇ ಕರೆದರೆ ಇನ್ನೂ ಒಳ್ಳೆಯದು ಅನ್ನುತ್ತೇನೆ. ಹೋದಾಗ ಏನಾಯ್ತು ಎಂದು ನಾಲ್ವರನ್ನೂ ಸರದಿಯಲ್ಲಿ ಕೇಳುತ್ತೇನೆ. ಡಮ್ಮಿ ಇದ್ದರೆ ಅವರಿಂದ ಶುರು. ಅವರ ಕೈಯಲ್ಲಿ ಎಲೆ ಇರುವುದಿಲ್ಲ, ಟೇಬಲ್ ಪೂರ್ತಿ ನೋಡಿರುತ್ತಾರೆ. ನಾಲ್ಕನೆಯವರ ಮಾತು ಮುಗಿಯುವವರೆಗೆ ಸ್ಕೋರ್ ಚೀಟಿ ಮುಟ್ಟುವುದಿಲ್ಲ.

ಕ್ಲೈಮ್ ಮಾಡುವವರಿಗೆ ಎರಡೇ ವಿಷಯ ಹೇಳಿದ್ದೇನೆ. ಯಾವ ಕ್ರಮದಲ್ಲಿ ಆಡುತ್ತೀರಿ ಹೇಳಿ. ಟ್ರಂಪ್ ಹೊರಗಿದೆಯೋ ಇಲ್ಲವೋ ಬಾಯಿಬಿಟ್ಟು ಹೇಳಿ. ಹೊರಗಿನ ಟ್ರಂಪ್ ಇಲ್ಲ ಎಂದು ಅವರು ಹೇಳಿದಾಗ, ಇದ್ದವರು ಅಲ್ಲೇ ಹೇಳುತ್ತಾರೆ. ಸಾವ್ಕಾರ್ರ ಮಟ್ಟಿಗೆ ಇದು ಪೂರ್ತಿ ಅಭ್ಯಾಸ ಆಗಿದೆ. ಈಗ ಅವರು ಸುತ್ತು ಎಣಿಸುವುದಿಲ್ಲ. ಐದು ಹೊರಗಿದ್ದವು, ಐದೂ ಬಂದವು ಎಂದು ಸಂಖ್ಯೆ ಹೇಳಿಯೇ ಎಲೆ ಬಿಚ್ಚುತ್ತಾರೆ.

ಅವರೂ ಮೇಡಂ ಕೂಡ ಈಗ ಒಟ್ಟಿಗೆ ಆಡುವುದಿಲ್ಲ. ಮಾತು ಬಿಟ್ಟಿಲ್ಲ, ನಮಸ್ಕಾರ ಇದೆ, ಆದರೆ ಎದುರು ಬದುರು ಕೂರುವುದಿಲ್ಲ. ನಾನು ಎರಡು ಸಲ ಪ್ರಯತ್ನಿಸಿದೆ. ಆಗಲಿಲ್ಲ. ಮೊದಲೇ ಬಂದು ಎಲ್ಲರನ್ನೂ ಕೇಳಿದ್ದರೆ, ಮೇಡಂ ಸುಮ್ಮನಿದ್ದದ್ದು ಸರಿ ಎಂದು ಟೇಬಲ್‌ನಲ್ಲೇ ಹೇಳಿದ್ದರೆ, ಇದು ತಪ್ಪುತ್ತಿತ್ತೇನೋ ಎಂದು ಈಗಲೂ ಅನಿಸುತ್ತದೆ.

ಹುಡುಗ ಈಗ ಮೇಡಂ ಎದುರು ಕೂರುತ್ತಾನೆ. ಮಾಸ್ತರ್ರಿಗೆ ಹೊಸ ಪಾರ್ಟ್‌ನರ್ ಸಿಕ್ಕಿದ್ದಾರೆ. ಅವರು ಎಲೆ ಜೋಡಿಸುವಾಗ ಸ್ಪೇಡ್ ಆದ ಮೇಲೆ ಹಾರ್ಟ್, ಆಮೇಲೆ ಕ್ಲಬ್, ಕೊನೆಗೆ ಡೈಮಂಡ್ ಇಡುತ್ತಾರೆ. ಒಂದು ಕಪ್ಪು, ಒಂದು ಕೆಂಪು. ಮಧ್ಯದ ಹಾರ್ಟ್ ಮುಗಿದು ಎರಡು ಕಪ್ಪು ಸೂಟ್ ಪಕ್ಕ ಪಕ್ಕ ಬಂದರೆ, ಆಟ ಒಂದು ಗಳಿಗೆ ನಿಂತರೂ ಪರವಾಗಿಲ್ಲ ಎಂದು, ಎಲೆಗಳನ್ನು ಮತ್ತೆ ಬೇರೆ ಮಾಡಿ ಜೋಡಿಸಿಕೊಂಡೇ ಮುಂದಿನ ಎಲೆ ಹಾಕುತ್ತಾರೆ.